ನಿಂತ ಗಾಡಿಯ ಸೋರಿಕೆ

ಓಡುವ ಗಾಡಿ ಕೆಡುವುದು ಲೋಕದಲ್ಲಿ ಸಹಜ. ನಿಂತ ಗಾಡಿಯೂ ಕೆಡುವುದೆಂಬುದು ನನಗೆ ಈ ಮಳೆಗಾಲದಲ್ಲಿ ಮನವರಿಕೆಯಾಯಿತು. ಬೀಗ ಹಾಕಿ ನಿಲ್ಲಿಸಿದ ಮೋಟಾರನ್ನು ಯಾರೂ ಮುಟ್ಟಿರುವುದಿಲ್ಲ. ಆದರೂ ಮೂರನೆಯ ದಿನ ಬೆಳಗ್ಗೆ ಕೀಲಿ ತಿರುಗಿಸಿದರೆ ‘ಟಕ್ ಟಕ್’ ಎಂಬ ಸದ್ದೊಂದನ್ನುಳಿದು ಬೇರೇನೂ ಕೇಳಬರುವುದಿಲ್ಲ. ಹೋದ ತಿಂಗಳು ಈ ಪುಟದಲ್ಲಿ ಬಾವಿಯ ಪಂಪಿನ ವಿಚಾರವನ್ನು ಓದಿದ ಇಬ್ಬರು ಗೃಹಸ್ಥರು, ತಮ್ಮ ಮನೆಯ ಕಾರಿನ ಬ್ಯಾಟರಿಯು ಪದೇ ಪದೇ ಬರಿದಾಗುತ್ತಿರುವುದೆಂದೂ, ಅದಕ್ಕೆ ಉಪಾಯವೇನೆಂದೂ ಕೇಳಿ ಬರೆದಿರುವರು. ಅವರಿಗೆ ಉತ್ತರ ಹೇಳುವ ಅಧಿಕಾರವು ನನಗೆ ಶಾಸ್ತ್ರದಿಂದ ಬಂದುದಲ್ಲ. ಒಂದು ತಪ್ಪು ಮಾಡಿದುದರಿಂದ ಬಂದಿದೆ. ಆದಕಾರಣ ಆ ತಪ್ಪನ್ನೇ ಮೊದಲು ಹೇಳುವೆನು.

ನಮ್ಮ ಮನೆ ಇರುವುದು ನಂಜನಗೂಡಿನಲ್ಲಿ. ನನ್ನ ಅಕ್ಕನವರಿಗೆ ಮೂತ್ರಪಿಂಡಗಳ ವ್ಯಾಧಿಯಾಗಿ, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಆಗಬೇಕು. ಅವರದು ಬೆಳಗಿನ ಮೊದಲನೆಯ ಸರದಿ, ಐದೂವರೆಗೆ ಅಲ್ಲಿರಬೇಕು. ತಡವಾದರೆ ಯಂತ್ರವನ್ನು ಮತ್ತೊಬ್ಬ ರೋಗಿಗೆ ಕೊಡುವರು. ಅವರದಾಗುವ ತನಕ ನಾಲ್ಕು ಗಂಟೆಗಳ ಕಾಲ ಊದಿದ ಕಾಲುಗಳನ್ನಿಟ್ಟುಕೊಂಡು ಕಾಯಬೇಕು. ಆದುದರಿಂದ ಮನೆಯಲ್ಲಿರುವ ಚಿಕ್ಕ ಪೆಟ್ರೋಲ್ ಕಾರು ನಮಗೆ ವಿಲಾಸದ ವಸ್ತುವಲ್ಲ. ನನ್ನ ಕಣ್ಣು ಇರುಳಿನಲ್ಲಿ ಮಂದವಾದುದರಿಂದ, ಹಿಂದಿನ ಬೀದಿಯ ಹುಡುಗನೊಬ್ಬನು ಆ ಎರಡು ದಿನಗಳಲ್ಲಿ ಬಂದು ಗಾಡಿ ನಡೆಸುತ್ತಿದ್ದನು. ಅಕ್ಕನವರ ಗಾಲಿಕುರ್ಚಿಯನ್ನು ಮಡಿಸಿ ಡಿಕ್ಕಿಯಲ್ಲಿಡುವುದು, ಅವರನ್ನು ತೋಳು ಹಿಡಿದು ಕೂರಿಸುವುದು ಎಲ್ಲವೂ ಅವನದೇ.

ಆಷಾಢದ ಒಂದು ಗುರುವಾರ ಬೆಳಗ್ಗೆ ನಾಲ್ಕು ಗಂಟೆಗೆ ಗಾಡಿ ಹೊರಡಲೇ ಇಲ್ಲ. ನೆರೆಮನೆಯವರನ್ನು ಎಬ್ಬಿಸಿ, ಅವರ ಕಾರಿನ ಬ್ಯಾಟರಿಯಿಂದ ದಪ್ಪ ತಂತಿ ಕೊಟ್ಟು ಎಂಜಿನನ್ನು ಎಚ್ಚರಗೊಳಿಸಿದುದಾಯಿತು. ಆ ದಿನ ಸರದಿ ತಪ್ಪಿತು. ಮರುದಿನ ಅಂಗಡಿಯವನೊಬ್ಬನು ಬಾನೆಟ್ಟನ್ನು ಎತ್ತಿ ನೋಡಿ, “ಬ್ಯಾಟರಿಗೆ ವಯಸ್ಸಾಯಿತು, ಸ್ವಾಮಿ” ಎಂದನು. ವಯಸ್ಸಾದುದನ್ನು ನಾನು ಒಲ್ಲೆನೆನ್ನಲಾದೀತೇ? ಹೊಸದನ್ನು ಕೊಂಡೆನು. ಎರಡು ವಾರ ಗಾಡಿ ಚೆನ್ನಾಗಿ ನಡೆಯಿತು. ಮೂರನೆಯ ವಾರದ ಸೋಮವಾರ ಮತ್ತೆ ಅದೇ ಟಕ್ ಟಕ್.

ಇಲ್ಲಿ ನಾನು ಊಹೆಗೆ ಹೊರಟೆನು. ಬ್ಯಾಟರಿ ಹೊಸದು; ಅದರಲ್ಲಿ ದೋಷವಿರದು. ದೋಷವು ಮನುಷ್ಯನದಾಗಿರಬೇಕು. ಹುಡುಗನು ದೀಪ ಆರಿಸುವುದನ್ನು ಮರೆತಿರಬೇಕು. ಈ ಮೂರು ವಾಕ್ಯಗಳನ್ನು ಅವನ ಎದುರಿಗೇ ಹೇಳಿದೆನು. ನಾಲ್ಕನೆಯದಾಗಿ ಅವನ ಮೊಬೈಲಿನ ಗೀಳನ್ನೂ ಸೇರಿಸಿದೆನು. ಅವನು, “ಇಲ್ಲ ಮೇಷ್ಟ್ರೇ, ಎಲ್ಲ ನೋಡಿಯೇ ಬೀಗ ಹಾಕಿದ್ದೆ” ಎಂದನು. ನಾನು ಒಪ್ಪಲಿಲ್ಲ. ಅವನು ಮರುಮಾತಾಡದೆ ಕೀಲಿಯನ್ನು ಜಗಲಿಯ ಮೇಲಿಟ್ಟು ಹೊರಟುಹೋದನು.

ಆ ಬಳಿಕ ಅಕ್ಕನವರ ಮೊಮ್ಮಗನು ರಜೆಗೆ ಬಂದಿದ್ದುದರಿಂದ ಅವನೇ ಗಾಡಿ ನಡೆಸಿದನು. ಹತ್ತು ದಿನಗಳಾದುವು. ಗುರುವಾರ ಬೆಳಗ್ಗೆ ಗಾಡಿ ಮತ್ತೆ ಮಲಗಿತು. ನಾನು ಕಾರಣವೆಂದು ನಿಶ್ಚಯಿಸಿದವನು ಹತ್ತು ದಿನಗಳಿಂದ ನಮ್ಮ ಗೇಟಿನೊಳಕ್ಕೆ ಕಾಲಿಟ್ಟಿರಲಿಲ್ಲ. ಕಾರ್ಯವು ಮಾತ್ರ ತಪ್ಪದೆ ನಡೆದಿತ್ತು. ಕಾರಣವಿಲ್ಲದೆಡೆಯಲ್ಲಿಯೂ ಕಾರ್ಯವು ಕಂಡರೆ ಅದನ್ನು ವ್ಯತಿರೇಕವ್ಯಭಿಚಾರವೆಂದು ನಮ್ಮ ತಾರ್ಕಿಕರು ಕರೆಯುವರು. ಅಂದರೆ ಅದು ಕಾರಣವೇ ಅಲ್ಲ. ಮಕ್ಕಳಿಗೆ ಇದನ್ನು ಎಷ್ಟೋ ವರ್ಷ ಪಾಠ ಹೇಳಿದವನು ನಾನು.

ಆಗ ನನ್ನ ಹೆಂಡತಿ ಒಲೆಯ ಮುಂದಿನಿಂದ ಒಂದು ಮಾತು ಹೇಳಿದಳು. “ದೀಪ ಉರೀತಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವೇ? ದಿನಾ ಐದು ಗಂಟೆಗೆ ಆ ಗಾಡಿ ಮುಂದೆ ರಂಗೋಲಿ ಹಾಕೋಳು ನಾನು. ಅವತ್ತೇ ಹೇಳೋಣ ಅಂತಿದ್ದೆ. ನೀವು ಎಲ್ಲಿ ಬಾಯಿ ತೆಗೆಯೋಕೆ ಬಿಟ್ರಿ?”

ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಿದೆನು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ೩೫ ಆಂಪಿಯರ್-ಗಂಟೆಯ ಬ್ಯಾಟರಿಯಿರುವುದು. ಎಂದರೆ ಒಂದು ಆಂಪಿಯರಿನಂತೆ ಸೋರಿದರೆ ೩೫ ಗಂಟೆಗಳಲ್ಲಿ ಬರಿದಾಗುವುದು. ನಿಲ್ಲಿಸುವಾಗಿನ ಚಿಕ್ಕ ದೀಪಗಳು ಮುಂದೆ ಎರಡು, ಹಿಂದೆ ಎರಡು, ಹಲಗೆಯ ಮೇಲೊಂದು, ತಲಾ ೫ ವಾಟಿನವು, ಒಟ್ಟು ೨೫ ವಾಟು. ೧೨ ವೋಲ್ಟಿನಿಂದ ಭಾಗಿಸಿದರೆ ಎರಡು ಆಂಪಿಯರಿಗಿಂತ ತುಸು ಹೆಚ್ಚು. ಮಧ್ಯಾಹ್ನ ನಿಲ್ಲಿಸಿದ ಗಾಡಿಯಲ್ಲಿ ಇವು ಮರುದಿನ ಬೆಳಗಿನ ಜಾವದವರೆಗೂ ಉರಿಯಬೇಕು. ರಂಗೋಲಿಯ ಹೊತ್ತಿಗೆ ಕೆಂಪಗಾದರೂ ಕಾಣಬೇಕು. ದೊಡ್ಡ ದೀಪಗಳಾದರೋ ತಲಾ ೫೫ ವಾಟಿನವು. ಮೂರು ನಾಲ್ಕು ಗಂಟೆಗಳಲ್ಲಿ ಬ್ಯಾಟರಿಯನ್ನು ಕುಡಿದುಬಿಡುವುವು. ಅವುಗಳ ಬೆಳಕು ಬೀಳುವುದು ಜಗಲಿಯ ಗೋಡೆಯ ಮೇಲೆ. ಅಲ್ಲಿ ಮಧ್ಯಾಹ್ನವೆಲ್ಲ ಪತ್ರಿಕೆ ಓದುತ್ತ ಕುಳಿತಿರುವವನು ನಾನೇ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣಲಿಲ್ಲವಾದರೆ ಅದು ಇರಲಿಲ್ಲವೆಂದೇ ಸಿದ್ಧವಾಗುವುದು. ಯೋಗ್ಯಾನುಪಲಬ್ಧಿಯೆಂಬ ಈ ಪ್ರಮಾಣವನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿರುವರು. ನನ್ನ ಹೆಂಡತಿ ಅದನ್ನು ರಂಗೋಲಿಯ ಬಟ್ಟಲಿನಲ್ಲಿಯೇ ಇಟ್ಟುಕೊಂಡಿದ್ದಳು.

ಅದೇ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಯಿಸಿದೆನು. ಶಬ್ದರೂಪಗಳನ್ನು ಒಪ್ಪಿಸಲಾರದೆ ವರ್ಷವೆಲ್ಲ ಬೆಂಚಿನ ಮೇಲೆ ನಿಂತವನು. ಈಗ ಮೋಟಾರುಗಳ ವಿದ್ಯುತ್ ಕೆಲಸದಲ್ಲಿ ಒಳ್ಳೆಯ ಹೆಸರು ಪಡೆದಿರುವನು. ಮೊದಲು ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿದನು. ಈ ಬ್ಯಾಟರಿಯಲ್ಲಿ ಆರು ಕೋಶಗಳಿರುವುವು. ಒಂದೊಂದರಲ್ಲಿಯೂ ಸೀಸದ ಫಲಕಗಳೂ ಗಂಧಕಾಮ್ಲವೂ ಇದ್ದು, ತುಂಬಿದಾಗ ೨.೧ ವೋಲ್ಟಿನಷ್ಟು ಕೊಡುವುವು. ಫ್ರಾನ್ಸಿನ ಪ್ಲಾಂಟೇ ಎಂಬವರು ೧೮೫೯ರಲ್ಲಿ ರಚಿಸಿದ ಮೂಲತತ್ತ್ವವೇ ಇಂದಿಗೂ ನಡೆದಿರುವುದು. ಗಾಡಿಯನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ ಅಳೆದರೆ ೧೨.೬ ವೋಲ್ಟು ಬಂದಲ್ಲಿ ಬ್ಯಾಟರಿ ತುಂಬಿರುವುದೆಂದೂ, ೧೨.೨ ಬಂದಲ್ಲಿ ಅರ್ಧವೆಂದೂ, ೧೨ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದೆಂದೂ ತಿಳಿಯಬೇಕು. ನಮ್ಮದು ೧೧.೭ ತೋರಿಸಿತು. ಬ್ಯಾಟರಿಯನ್ನು ಬಿಚ್ಚಿ ಅಂಗಡಿಗೆ ಒಯ್ದು ಇರುಳೆಲ್ಲ ತುಂಬಿಸಿ, ಮರುದಿನ ತಂದು ಕೂರಿಸಿ ಎಂಜಿನನ್ನು ನಡೆಸಿ ಮತ್ತೆ ಅಳೆದನು: ೧೪.೧. ಎಂಜಿನು ಓಡುತ್ತಿರುವಾಗ ೧೩.೮ರಿಂದ ೧೪.೫ರವರೆಗೆ ಬಂದರೆ ಆಲ್ಟರ್ನೇಟರು ತನ್ನ ಕೆಲಸ ಮಾಡುತ್ತಿರುವುದು. ಹೀಗೆ ತುಂಬುವವನಲ್ಲಿ ದೋಷವಿಲ್ಲ, ಪಾತ್ರೆಯೂ ಹೊಸದು ಎಂದಾದ ಮೇಲೆ ಉಳಿದುದು ತೂತು ಒಂದೇ.

“ಮೇಷ್ಟ್ರೇ, ಡಿಕ್ಕಿಗೀಗ ಕೈ ಹಚ್ಚಬೇಡಿ. ರಾತ್ರಿ ಗಾಡಿ ಹ್ಯಾಗೆ ನಿಲ್ಲುತ್ತೋ ಹಾಗೇ ಇರಲಿ” ಎಂದನು. ಹಿಂದಿನ ದಿನ ಮೊಮ್ಮಗನು ಗಾಲಿಕುರ್ಚಿಯನ್ನಿಟ್ಟು ಮುಚ್ಚಿದಂತೆಯೇ ಅದು ಇದ್ದಿತು. ಅವನ ಎಚ್ಚರಿಕೆಯ ಬೆಲೆ ನನಗೆ ತಿಳಿದುದು ಆಮೇಲೆ. ಎಂಜಿನನ್ನು ಆರಿಸಿ ಕೀಲಿಯನ್ನು ಒಳಮನೆಗೆ ಕಳುಹಿಸಿದನು; ಈಚಿನ ಕೆಲವು ಗಾಡಿಗಳು ಕೀಲಿ ಹತ್ತಿರವಿದ್ದರೆ ನಿದ್ದೆಹೋಗುವುದಿಲ್ಲವಂತೆ. ಫ್ಯೂಸು ಪೆಟ್ಟಿಗೆಯು ಸ್ಟಿಯರಿಂಗಿನ ಕೆಳಗಿರುವುದರಿಂದ ಬಾಗಿಲನ್ನು ತೆರೆದಿಟ್ಟು, ಅದರ ಚಿಲಕವನ್ನು ತಿರುಪುಳಿಯಿಂದ ಒತ್ತಿ ಬಾಗಿಲು ಮುಚ್ಚಿದೆಯೆಂಬ ಭ್ರಾಂತಿಯನ್ನು ಗಾಡಿಗೆ ಹುಟ್ಟಿಸಿದನು. ಕೈಯ ಉಂಗುರವನ್ನು ತೆಗೆದು ಜೇಬಿಗೆ ಹಾಕಿ, ಋಣ ಕಂಬದ ತಂತಿಯನ್ನು ಬಿಚ್ಚಿ, ಆ ತಂತಿಗೂ ಕಂಬಕ್ಕೂ ನಡುವೆ ಮೀಟರನ್ನು ಸೇತುವೆಯಂತೆ ಇಟ್ಟನು. ಈಗ ಗಾಡಿಯು ಕುಡಿಯುವುದೆಲ್ಲವೂ ಮೀಟರಿನ ಮೂಲಕವೇ ಹರಿಯಬೇಕು.

ಇಲ್ಲಿ ವಾಚಕರು ಎರಡು ವಿಷಯಗಳನ್ನು ಮರೆಯಬಾರದು. ಮೀಟರಿನ ಕೆಂಪು ತಂತಿಯನ್ನು ೧೦ ಆಂಪಿಯರಿನ ರಂಧ್ರದಲ್ಲಿಯೇ ಚುಚ್ಚಬೇಕು. ವೋಲ್ಟಿನ ರಂಧ್ರದಲ್ಲಿಟ್ಟು ಆಂಪಿಯರನ್ನು ಅಳೆಯಲಾಗದು, ಆಂಪಿಯರಿನ ರಂಧ್ರದಲ್ಲಿರುವಾಗ ಎರಡು ಕಂಬಗಳಿಗೂ ಒಟ್ಟಿಗೆ ಮುಟ್ಟಿಸಲೂ ಆಗದು. ಎರಡನೆಯದು, ಮೀಟರು ನಡುವೆ ಇರುವಾಗ ಯಾರೂ ಎಂಜಿನನ್ನು ಚಾಲೂಮಾಡಕೂಡದು. ಸ್ಟಾರ್ಟರು ನೂರಕ್ಕೂ ಮಿಕ್ಕಿದ ಆಂಪಿಯರನ್ನು ಎಳೆಯುವುದು. ಮೀಟರಿನ ಗತಿ ಏನೆಂದು ಹೇಳಬೇಕಾದುದಿಲ್ಲ. ಬ್ಯಾಟರಿಯಿಂದ ಜಲಜನಕ ವಾಯು ಹೊರಡಬಹುದಾದುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿ, ಕಿಡಿ ಯಾವುದೂ ಸಲ್ಲದು. ಬಿಚ್ಚುವಾಗ ಋಣ ಕಂಬ ಮೊದಲು, ಕೂಡಿಸುವಾಗ ಋಣ ಕಂಬ ಕಡೆಗೆ.

ಮೀಟರು ಮೊದಲು ಮೂರು ಆಂಪಿಯರಿಗೂ ಮೇಲೆ ತೋರಿಸಿತು. ನಾನು “ಸಿಕ್ಕಿತು!” ಎಂದೆನು. “ಇನ್ನೂ ಎಚ್ಚರವಾಗಿದೆ, ಕಾಯಿರಿ” ಎಂದನು ಶಿಷ್ಯ. ಈಗಿನ ಗಾಡಿಗಳಲ್ಲಿರುವ ಗಣಕಯಂತ್ರಗಳು ಬೀಗ ಹಾಕಿದ ಕೂಡಲೆ ಮಲಗುವುದಿಲ್ಲ. ಕೆಲವಕ್ಕೆ ಅರ್ಧ ಗಂಟೆ, ಕೆಲವಕ್ಕೆ ಅದಕ್ಕೂ ಹೆಚ್ಚು ಹೊತ್ತು ಬೇಕು. ಕಾಫಿ ಕುಡಿದು ಬಂದೆವು. ೦.೪೪ಕ್ಕೆ ಇಳಿದು ಅಲ್ಲಿಯೇ ನಿಂತಿತ್ತು. ಆರೋಗ್ಯವಾಗಿರುವ ಗಾಡಿಯು ನಿದ್ದೆಯಲ್ಲಿ ಕುಡಿಯುವುದು ಸಾಮಾನ್ಯವಾಗಿ ೦.೦೨ರಿಂದ ೦.೦೫ ಆಂಪಿಯರು, ಗಡಿಯಾರಕ್ಕೆ, ಕಳ್ಳಗಂಟೆಗೆ, ರೇಡಿಯೋದ ಜ್ಞಾಪಕಕ್ಕೆ. ನಮ್ಮದು ಅದರ ಹತ್ತು ಪಟ್ಟು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಆಸ್ಪತ್ರೆಯಿಂದ ಬಂದು ನಿಂತ ಗಾಡಿಗೆ ಗುರುವಾರ ಬೆಳಗ್ಗೆ ನಾಲ್ಕಕ್ಕೆ ೬೪ ಗಂಟೆಗಳಾದುವು. ೬೪ನ್ನು ೦.೪೪ರಿಂದ ಗುಣಿಸಿದರೆ ೨೮. ಮೂವತ್ತೈದರಲ್ಲಿ ಇಪ್ಪತ್ತೆಂಟು ಹೋದ ಮೇಲೆ ಎಂಜಿನನ್ನು ತಿರುಗಿಸುವ ಬಲವೆಲ್ಲಿ? ಗುರುವಾರದಿಂದ ಸೋಮವಾರದವರೆಗಾದರೆ ೮೮ ಗಂಟೆ, ಪೂರ್ತಿ ಬರಿದು. ಗಾಡಿ ಮಲಗಿದ ವಾರಗಳೂ ಗಂಟೆಗಳೂ ಈ ಲೆಕ್ಕಕ್ಕೆ ಸರಿಯಾಗಿ ಕೂಡಿಬಂದುವು.

ಇನ್ನು ತೂತು ಎಲ್ಲಿದೆಯೆಂಬುದು. ಶಿಷ್ಯನು ಫ್ಯೂಸುಗಳನ್ನು ಒಂದೊಂದಾಗಿ ಕೀಳುವನು. ನಾನು ಮೀಟರನ್ನು ಓದಿ ಕೂಗುವೆನು. ಇಳಿಯದಿದ್ದರೆ ಫ್ಯೂಸನ್ನು ಮತ್ತೆ ಅಲ್ಲಿಯೇ ಕೂರಿಸುವನು. ಅನ್ವಯವ್ಯತಿರೇಕವೆಂದರೆ ಇದೇ: ಅದಿದ್ದರೆ ಇದು, ಅದಿಲ್ಲದಿದ್ದರೆ ಇದೂ ಇಲ್ಲ. ನ್ಯಾಯಶಾಸ್ತ್ರದಲ್ಲಿ ಅಡುಗೆಮನೆಯ ಹೊಗೆಯನ್ನೂ ಮಡುವಿನ ನೀರನ್ನೂ ಉದಾಹರಿಸಿ ಹೇಳುವ ವಿಷಯವನ್ನು ಅವನು ಚಿಮುಟದ ತುದಿಯಲ್ಲಿ ಹಿಡಿದಿದ್ದನು. ಏಳನೆಯ ಫ್ಯೂಸು ಕಿತ್ತ ಕೂಡಲೆ ೦.೪೪ ಹೋಗಿ ೦.೦೨ ಬಂದಿತು.

ಮುಚ್ಚಳದ ಒಳಗಿನ ಪಟ್ಟಿಯ ಪ್ರಕಾರ ಆ ಫ್ಯೂಸಿನಿಂದ ಮೂರಕ್ಕೆ ವಿದ್ಯುತ್ತು ಹೋಗುವುದು: ಒಳಛಾವಣಿಯ ದೀಪ, ಸ್ಟೀರಿಯೋ, ಡಿಕ್ಕಿಯ ದೀಪ. ಛಾವಣಿಯ ದೀಪ ಆರಿರುವುದು ಕಣ್ಣಿಗೇ ಕಾಣುತ್ತಿತ್ತು. ಫ್ಯೂಸನ್ನು ಮತ್ತೆ ಹಾಕಿ ಸ್ಟೀರಿಯೋದ ಹಿಂದಿನ ಜೋಡಣೆಯನ್ನು ಬಿಡಿಸಿದನು, ಅಂಕಿ ಅಲುಗಲಿಲ್ಲ. ಆಗ ಅವನು ಡಿಕ್ಕಿಯನ್ನು ತೆರೆಯದೆ, ಒಳಗಿನಿಂದಲೇ ಹಿಂದಿನ ಸೀಟಿನ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ಮಡಿಸಿದನು. ಹೊರಗೆ ಮೋಡ ಕವಿದು ಕತ್ತಲಾಗಿತ್ತು. ಒಳಗೆ, ಮುಚ್ಚಿದ ಡಿಕ್ಕಿಯಲ್ಲಿ, ಮಡಿಸಿಟ್ಟ ಗಾಲಿಕುರ್ಚಿಯ ಮೇಲೆ, ಗರ್ಭಗುಡಿಯ ನಂದಾದೀಪದಂತೆ ಒಂದು ಚಿಕ್ಕ ದೀಪವು ಸುಮ್ಮನೆ ಉರಿಯುತ್ತಿದ್ದಿತು.

೫ ವಾಟಿನ ದೀಪ. ೧೨ರಿಂದ ಭಾಗಿಸಿದರೆ ೦.೪೨ ಆಂಪಿಯರು. ಡಿಕ್ಕಿಯ ಬಾಗಿಲು ಮುಚ್ಚಿದಾಗ ಒಂದು ಒತ್ತುಗುಂಡಿ ಒಳಸರಿದು ದೀಪವನ್ನು ಆರಿಸಬೇಕು. ನಮ್ಮ ಹಳೆಯ ಗಾಡಿಯಲ್ಲಿ ಮಳೆಯ ನೀರು ರಬ್ಬರಿನ ಅಂಚಿನಿಂದ ಒಳಹೊಕ್ಕು ಆ ಸ್ವಿಚ್ಚಿಗೆ ತುಕ್ಕು ಹಿಡಿದಿತ್ತು. ಒಮ್ಮೆ ದೀಪ ಆರುವುದು, ಒಮ್ಮೆ ಆರದು. ಆದಕಾರಣವೇ ಎರಡು ವಾರ ನೆಟ್ಟಗಿದ್ದು ಮೂರನೆಯ ವಾರ ಕೈಕೊಡುತ್ತಿತ್ತು. ಹೊಸ ಬ್ಯಾಟರಿಯಿಂದ ಗುಣವಾಯಿತೆಂದು ನಾನು ನಂಬಿದುದು ಶುದ್ಧ ಕಾಕತಾಳೀಯ. ಹೆಂಡತಿಯ ಪ್ರಮಾಣಕ್ಕೂ ಇಲ್ಲಿ ಬಾಧಕವಿಲ್ಲ. ಮುಚ್ಚಿದ ಡಿಕ್ಕಿಯೊಳಗಿನ ದೀಪವು ಕಾಣಲು ಯೋಗ್ಯವಾದ ವಸ್ತುವೇ ಅಲ್ಲವಷ್ಟೆ. ಹಿಂದಿನ ಸೀಟು ಮಡಿಸಲು ಬಾರದ ಗಾಡಿಯುಳ್ಳವರು ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹಚ್ಚಿ, ಅದನ್ನು ಡಿಕ್ಕಿಯೊಳಗಿಟ್ಟು ಮುಚ್ಚಿ, ಒಂದು ನಿಮಿಷದ ಮೇಲೆ ತೆಗೆದು ನೋಡಬಹುದು. ಮೀಟರಿಲ್ಲದ ಮನೆಯಲ್ಲಿಯೂ ಇಷ್ಟು ಪರೀಕ್ಷೆ ಸಾಧ್ಯ. ಈಚಿನ ಕೆಲವು ಕಾರುಗಳು ಸ್ವಲ್ಪ ಹೊತ್ತಿನ ಮೇಲೆ ಇಂಥ ದೀಪಗಳನ್ನು ತಾವೇ ಆರಿಸಿಬಿಡುವುವು.

ನಮ್ಮಲ್ಲಿ ಸಿಕ್ಕಿದುದು ಡಿಕ್ಕಿಯ ದೀಪವೆಂದು ಎಲ್ಲರ ಮನೆಯಲ್ಲಿಯೂ ಅದೇ ಎನ್ನಲಾಗದು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೋ, ಗಾಜಿನ ಮೇಲೆ ಅಂಟಿಸಿದ ಕ್ಯಾಮೆರಾ, ಗಾಡಿ ಎಲ್ಲಿದೆಯೆಂದು ತೋರಿಸುವ ಉಪಕರಣ, ಕೀಲಿ ತೆಗೆದರೂ ವಿದ್ಯುತ್ತು ನಿಲ್ಲದ ರಂಧ್ರದಲ್ಲಿ ಮರೆತ ಚಾರ್ಜರು, ಅಂಟಿಕೊಂಡ ರಿಲೇ, ಬ್ರೇಕಿನ ದೀಪದ ಸ್ವಿಚ್ಚು, ಇಲಿ ಕಡಿದ ತಂತಿ, ಹೀಗೆ ಅಪರಾಧಿಗಳು ಹಲವರು. ಫ್ಯೂಸುಗಳನ್ನೆಲ್ಲ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನೊಳಗಿನ ಡಯೋಡನ್ನು ಶಂಕಿಸಬೇಕು. ಅದರ ದಪ್ಪ ತಂತಿಯು ಈ ಚಿಕ್ಕ ಫ್ಯೂಸುಗಳ ಮೂಲಕ ಬರುವುದಲ್ಲ. ಅದನ್ನು ಬಲ್ಲವರ ಕೈಯಲ್ಲಿಯೇ ನೋಡಿಸತಕ್ಕದ್ದು. ಸೋರಿಕೆಯೇ ಇಲ್ಲದೆ, ಕಂಬಗಳ ಮೇಲೆ ಬಿಳಿಯ ಅಥವಾ ಹಸುರು ಪುಡಿ ಕಟ್ಟಿ ಹಿಡಿತ ಸಡಿಲವಾದುದರಿಂದಲೂ ಇದೇ ಟಕ್ ಟಕ್ ಸದ್ದು ಬರಬಹುದು. ಬೇರೆಲ್ಲಕ್ಕಿಂತ ಮೊದಲು ಅದನ್ನು ಉಜ್ಜಿ ಬಿಗಿದು ನೋಡಬೇಕು.

ಯಾವ ದೋಷವಿಲ್ಲದೆಯೂ ಬ್ಯಾಟರಿ ಬರಿದಾಗುವುದುಂಟು. ೨೦೨೦ನೆಯ ಮಾರ್ಚಿ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ವಾರಗಟ್ಟಲೆ ನಿಂತ ಕಾರುಗಳು ಎಷ್ಟೋ ಮನೆಗಳಲ್ಲಿ ಏಳಲಿಲ್ಲ. ೦.೦೩ ಆಂಪಿಯರಿನಂತೆ ದಿನಕ್ಕೆ ಮುಕ್ಕಾಲು ಆಂಪಿಯರ್-ಗಂಟೆ ಹೋದರೂ ಇಪ್ಪತ್ತನಾಲ್ಕು ದಿನಗಳಲ್ಲಿ ಅರ್ಧ ಬ್ಯಾಟರಿ ಮುಗಿಯಿತು. ತಿಂಗಳುಗಟ್ಟಲೆ ಊರಿಗೆ ಹೋಗುವವರು ಋಣ ಕಂಬದ ತಂತಿಯನ್ನು ಬಿಚ್ಚಿಟ್ಟು ಹೋಗುವುದು ಲೇಸು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಮತ್ತೆ ತುಂಬಿಸಿದರೂ ಮೊದಲಿನ ಶಕ್ತಿ ಬಾರದು. ನಮ್ಮ ಹೊಸ ಬ್ಯಾಟರಿಗೂ ಎರಡು ಉಪವಾಸಗಳಾಗಿವೆ. ಅದರ ಆಯುಸ್ಸು ಎಷ್ಟು ತಗ್ಗಿತೋ ಕಾದು ನೋಡಬೇಕು. ವಿದ್ಯುತ್ ಕಾರು ಕೊಂಡವರು ತಮಗೆ ಈ ಕಾಟವಿಲ್ಲವೆಂದು ಹಿಗ್ಗಬಾರದು; ಬಹುತೇಕ ಅವುಗಳಲ್ಲಿಯೂ ಈ ೧೨ ವೋಲ್ಟಿನ ಚಿಕ್ಕ ಬ್ಯಾಟರಿ ಬೇರೆಯಾಗಿಯೇ ಇದ್ದು, ಅದು ಬರಿದಾದರೆ ದೊಡ್ಡದು ತುಂಬಿದ್ದರೂ ಗಾಡಿ ಏಳದು.

ಹೊಸ ಸ್ವಿಚ್ಚಿನ ಬೆಲೆಯನ್ನು ಬ್ಯಾಟರಿಯ ಬೆಲೆಯ ಪಕ್ಕದಲ್ಲಿ ಬರೆಯಲು ನನಗೆ ನಾಚಿಕೆಯಾಗುವುದು. ಅದನ್ನು ಹಾಕಿಸಿದ ಸಂಜೆಯೇ ಹಿಂದಿನ ಬೀದಿಗೆ ಹೋದೆನು. ಹುಡುಗನ ತಾಯಿ ಮಣೆ ಹಾಕಿ ಕೂರಿಸಿದಳು. ಅವನು ಅಷ್ಟರಲ್ಲಿ ಅಂಗಡಿಯ ಸಾಮಾನುಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಹಿಡಿದಿದ್ದನು. ನಡೆದುದನ್ನು ಮೊದಲಿನಿಂದ ಹೇಳಿ, ತಪ್ಪು ನನ್ನದೆಂದು ಅವನ ತಾಯಿಯ ಎದುರಿಗೇ ಹೇಳಿದೆನು. ಅವನು ಬಹಳ ಹೊತ್ತು ನೆಲವನ್ನೇ ನೋಡುತ್ತಿದ್ದು, ಬಳಿಕ, “ಅಮ್ಮಾವ್ರು ಹ್ಯಾಗಿದಾರೆ ಮೇಷ್ಟ್ರೇ? ಆ ಎರಡು ಸಲವೂ ಅವರಿಗೆ ತಡ ಆಯ್ತಲ್ಲ” ಎಂದು ಕೇಳಿದನು.

ಹೊಸ ಕೆಲಸ ಬೆಳಗ್ಗೆ ಹತ್ತಕ್ಕೆ ಆರಂಭವಾಗುವುದರಿಂದ, ಕರೆದೊಯ್ಯುವುದು ಮಾತ್ರ ಅವನಿಂದ ಸಾಧ್ಯ. ಅಕ್ಕನವರನ್ನು ಆಸ್ಪತ್ರೆಯಲ್ಲಿಳಿಸಿ ಗಾಡಿಯನ್ನು ನನಗೊಪ್ಪಿಸಿ ಬಸ್ಸಿನಲ್ಲಿ ಹಿಂದಿರುಗುವನು. ಹಗಲಿನಲ್ಲಿ ಮನೆಗೆ ನಡೆಸಿಕೊಂಡು ಬರುವುದು ನನ್ನ ಪಾಲಿನದು. ಸೋಮವಾರ ಗುರುವಾರಗಳಂದು ನಾಲ್ಕು ಗಂಟೆಗೆ ಬಂದು ಗಾಲಿಕುರ್ಚಿಯನ್ನು ಡಿಕ್ಕಿಯಲ್ಲಿಡುವಾಗ, ಬಾಗಿಲನ್ನು ಇಳಿಸುವ ಮೊದಲು ಆ ಗುಂಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ದೀಪ ಆರುವುದನ್ನು ನನಗೂ ತೋರಿಸಿ, ಆಮೇಲೆ ಮುಚ್ಚುವನು.